ಜೂಜಿನ ಗೀಳು: ಗೆಳೆಯನಿಗೆ ಸಾಲ ಕೊಡಬೇಕೇ?



ಜೂಜಿನ ಚಟವನ್ನು ಕುರಿತ ನಮ್ಮ ಚರ್ಚಾ ಕಾರ್ಯಕ್ರಮದ ಚಿತ್ರೀಕರಣ ಇನ್ನೇನು ಮುಗಿಯಬೇಕು ಎನ್ನುವಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬ ಎದ್ದು ನಿಂತ. "ಸರ್, ನನ್ನ ಫ್ರೆಂಡ್ ಮೊಬೈಲಲ್ಲಿ ಆಡಿ ದುಡ್ಡು ಕಳ್ಕೊಂಡಿದಾನೆ. ಈಗ ಮತ್ತೆ ಸಾಲ ಕೇಳ್ತಿದಾನೆ. ಇದೊಂದ್ಸಲ ಕೊಟ್ರೆ ಸರಿಹೋಗ್ತಾನಾ?" ಎಂದು ಮನೋವೈದ್ಯರನ್ನು ಕೇಳಿದ. ಅಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು. ವೈದ್ಯರು ಎರಡು ಮಾತು ಹೇಳಿದರು, ಕ್ಯಾಮೆರಾ ನಿಂತಿತು.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ಪ್ರಶ್ನೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಬಿ.ಎಸ್‌ಸಿ. ಓದುತ್ತಿದ್ದಾಗ, ನನ್ನ ಹಾಸ್ಟೆಲ್ ಕೋಣೆಯೊಳಗೇ ಎದುರಾಗಿತ್ತು. ಅಂದು ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪು ಏನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ ಗೀಳು ಎಂದರೇನು, ಅದು ಮನುಷ್ಯನನ್ನು ಹೇಗೆ ಹಿಡಿಯುತ್ತದೆ, ಹಿಡಿದ ಮೇಲೆ ಬಿಡಿಸುವವರು ಯಾರು ಎಂಬುದನ್ನು ಕ್ರಮವಾಗಿ ನೋಡೋಣ.

ಆಟವೋ, ಗೀಳೋ?

ನಮ್ಮಲ್ಲಿ ಜೂಜು ಹೊಸತೇನೂ ಅಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಪಗಡೆಯ ದಾಳಕ್ಕೆ ಸೋತು ಮನೆ ಕಳೆದುಕೊಂಡವನ ಅಳಲನ್ನು ಹೇಳುವ ಸೂಕ್ತವೊಂದಿದೆ. ಮಹಾಭಾರತದ ದ್ಯೂತಪ್ರಸಂಗವನ್ನು ತಿಳಿಯದವರಿಲ್ಲ. ಯುಗಾದಿಯಂದು ಅರಳೀಕಟ್ಟೆಯ ಮೇಲೆ ಇಸ್ಪೀಟು ಹರಡುವ ಊರುಗಳು ಹಳೆಯ ಮೈಸೂರು ಸೀಮೆಯಲ್ಲಿ ಇಂದಿಗೂ ಇವೆ. ಹಬ್ಬ ಮುಗಿದ ಮೇಲೆ ಬಹುಪಾಲು ಜನ ಎಲೆಗಳನ್ನು ಕಟ್ಟಿಟ್ಟು ಹೊಲಕ್ಕೋ ಕಚೇರಿಗೋ ಹೋಗುತ್ತಾರೆ. ಕೆಲವರಿಗೆ ಮಾತ್ರ ಹಬ್ಬ ಮುಗಿಯುವುದೇ ಇಲ್ಲ. ಅಲ್ಲಿ ಆಟ ಗೀಳಾಗುತ್ತದೆ.

ಈ ಗೀಳನ್ನು ವೈದ್ಯಲೋಕ ಒಂದು ಕಾಯಿಲೆಯೆಂದು ಗುರುತಿಸಿದ್ದು ತೀರಾ ಹಿಂದೆ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗಸೂಚಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ಮೊದಲ ಬಾರಿಗೆ ಸೇರಿಸಿತು. 2013ರ ಐದನೆಯ ಆವೃತ್ತಿಯಲ್ಲಿ ಇದನ್ನು ಮದ್ಯ ಹಾಗೂ ಮಾದಕವಸ್ತುಗಳ ವ್ಯಸನದ ಗುಂಪಿಗೇ ಸೇರಿಸಲಾಯಿತು. ಕುಡಿಯಲು, ಸೇದಲು ಏನೂ ಇಲ್ಲದಿದ್ದರೂ ಇದು ವ್ಯಸನವೇ ಎಂದು ಒಪ್ಪಿದಂತಾಯಿತು. 2022ರ ಜನವರಿಯಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಇದನ್ನು ವ್ಯಸನವೆಂದೇ ಹೇಳುತ್ತದೆ.

ಗೀಳಿನ ಲಕ್ಷಣಗಳಾವುವು? ದಿನವಿಡೀ ಆಟದ್ದೇ ಯೋಚನೆ; ಅದೇ ಉತ್ಸಾಹಕ್ಕಾಗಿ ಪಂದ್ಯದ ಮೊತ್ತವನ್ನು ಏರಿಸುತ್ತಾ ಹೋಗುವುದು; ಬಿಡಲು ಹೋದರೆ ಸಿಡಿಮಿಡಿ; ಸೋತದ್ದನ್ನು ಮರಳಿ ಗೆಲ್ಲಲೆಂದೇ ಮರುದಿನ ಮತ್ತೆ ಆಡುವುದು; ಎಷ್ಟು ಆಡಿದೆ, ಎಷ್ಟು ಕಳೆದೆ ಎಂಬುದನ್ನು ಮುಚ್ಚಿಡುವುದು; ಓದು, ಕೆಲಸ, ಸ್ನೇಹಗಳು ಕೈಜಾರುವುದು; ಕಡೆಗೆ ಇತರರ ಹಣಕ್ಕೆ ಕೈಚಾಚುವುದು. ವೈದ್ಯರ ಪಟ್ಟಿಯಲ್ಲಿ ಒಟ್ಟು ಒಂಬತ್ತು ಲಕ್ಷಣಗಳಿವೆ. ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡುಬಂದರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇವುಗಳಲ್ಲಿ ಎರಡನ್ನು ನೀವು ವಿಶೇಷವಾಗಿ ನೆನಪಿಡಬೇಕು: ಸೋತ ಹಣವನ್ನು ಅಟ್ಟಿಸಿಕೊಂಡು ಹೋಗುವುದು ಮತ್ತು ಗುಟ್ಟು ಮಾಡುವುದು.

ಲೆಕ್ಕ ಏನು ಹೇಳುತ್ತದೆ?

ಒಂದು ಸರಳ ಆಟವನ್ನು ಕಲ್ಪಿಸಿಕೊಳ್ಳಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿವೆ. ಒಂದು ಅಂಕಿಯ ಮೇಲೆ ಹತ್ತು ರೂಪಾಯಿ ಕಟ್ಟಬೇಕು. ಅದೇ ಅಂಕಿ ಬಂದರೆ ತೊಂಬತ್ತು ರೂಪಾಯಿ ನಿಮ್ಮದು. ಹತ್ತಕ್ಕೆ ತೊಂಬತ್ತು! ಕೇಳಲು ಸೊಗಸಾಗಿದೆ. ಈಗ ಹತ್ತು ಜನ ಹತ್ತು ಅಂಕಿಗಳ ಮೇಲೂ ಕಟ್ಟಿದರೆನ್ನಿ. ಆಡಿಸುವವನ ಕೈಗೆ ಬಂದದ್ದು ನೂರು ರೂಪಾಯಿ, ಕೊಟ್ಟದ್ದು ತೊಂಬತ್ತು. ಯಾವ ಅಂಕಿ ಬಂದರೂ ಹತ್ತು ರೂಪಾಯಿ ಅವನ ಜೇಬಿಗೆ. ಅವನು ಜೂಜಾಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾನೆ.

ಆಡುವವನ ಗತಿ ಏನು? ಪ್ರತಿ ಸುತ್ತಿನಲ್ಲೂ ಕಟ್ಟಿದ ರೂಪಾಯಿಗೆ ಸರಾಸರಿ ಹತ್ತು ಪೈಸೆ ನಷ್ಟ. ಕೈಗೆ ಬಂದದ್ದನ್ನೆಲ್ಲಾ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ ಸಾವಿರ ರೂಪಾಯಿ ಒಂದು ಸುತ್ತಿನ ನಂತರ ಸರಾಸರಿ 900, ಎರಡನೆಯ ಸುತ್ತಿಗೆ 810, ಏಳನೆಯ ಸುತ್ತಿಗೆ ಸುಮಾರು 478, ಇಪ್ಪತ್ತನೆಯ ಸುತ್ತಿಗೆ ಸುಮಾರು 122. ಯಾರೋ ಒಬ್ಬ ಗೆದ್ದು ಕುಣಿಯಬಹುದು, ಸರಾಸರಿ ಬದಲಾಗುವುದಿಲ್ಲ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳಿದ್ದು, ಗೆದ್ದವನಿಗೆ ಕಟ್ಟಿದ ಹಣದ ಜೊತೆಗೆ ಅದರ 35 ಪಟ್ಟು ಕೊಡುತ್ತಾರೆ. ಅಲ್ಲಿಯೂ ಇದೇ ಉಪಾಯ. ಪ್ರಮಾಣ ಮಾತ್ರ ಬೇರೆ.

"ಐದು ಸಲ ಸೋತಿದ್ದೇನೆ, ಆರನೆಯದು ಗೆಲ್ಲಲೇಬೇಕು" ಎಂಬ ಮಾತನ್ನು ನೀವು ಕೇಳಿರಬಹುದು. ಒಂದು ನಾಣ್ಯವನ್ನು ಚಿಮ್ಮಿ ಪರೀಕ್ಷಿಸಿ. ಐದು ಸಲ ಒಂದೇ ಮುಖ ಬಿದ್ದರೂ ಆರನೆಯ ಸಲ ಆ ಮುಖ ಬೀಳುವ ಸಾಧ್ಯತೆ ಅರ್ಧವೇ. ನಾಣ್ಯಕ್ಕೆ ನೆನಪಿಲ್ಲ. ನೆನಪಿರುವುದು ನಮಗೆ, ಅದೇ ತೊಂದರೆ.

ಮಿದುಳಿನಲ್ಲಿ ನಡೆಯುವುದೇನು?

ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ಬುದ್ಧಿವಂತರೂ ಏಕೆ ಆಡುತ್ತಾರೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಮುಖರು. ಪೆಟ್ಟಿಗೆಯೊಳಗಿನ ಪಾರಿವಾಳವು ಗುಂಡಿಯನ್ನು ಕುಟುಕಿದರೆ ಕಾಳು ಬೀಳುವ ವ್ಯವಸ್ಥೆ ಅವರದು. ನಿಗದಿತ ಸಂಖ್ಯೆಯ ಕುಟುಕಿಗೆ ಕಾಳು ಬಿದ್ದರೆ, ಹಕ್ಕಿ ತಿಂದು ಸ್ವಲ್ಪ ವಿರಮಿಸುತ್ತಿತ್ತು. ಆದರೆ ಕೆಲವೊಮ್ಮೆ ಮೂರನೆಯ ಕುಟುಕಿಗೆ, ಕೆಲವೊಮ್ಮೆ ನಲವತ್ತನೆಯದಕ್ಕೆ ಎಂಬಂತೆ ಗೊತ್ತುಗುರಿಯಿಲ್ಲದೆ ಬಿದ್ದರೆ, ಹಕ್ಕಿ ಬಿಡುವಿಲ್ಲದೆ ಕುಟುಕುತ್ತಲೇ ಇರುತ್ತಿತ್ತು. ಕಾಳು ಬೀಳುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಹುಕಾಲ ಅದು ಆಸೆ ಬಿಡುತ್ತಿರಲಿಲ್ಲ. ಜೂಜಿನ ಯಂತ್ರವೂ, ಇಂದಿನ ಮೊಬೈಲ್ ಜೂಜೂ ನಿಂತಿರುವುದು ಇದೇ ತತ್ತ್ವದ ಮೇಲೆ.

ಮಿದುಳಿನ ಒಳಗೆ ನಡೆಯುವುದನ್ನು ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಚುರುಕಾಗುತ್ತಿದ್ದವು. ರಸ ಬರುವ ಮುನ್ಸೂಚನೆಯನ್ನು ಕೋತಿ ಕಲಿತ ಮೇಲೆ ಅವು ರಸಕ್ಕಲ್ಲ, ಸೂಚನೆಗೇ ಚುರುಕಾಗತೊಡಗಿದವು. 2003ರಲ್ಲಿ ಅವರ ತಂಡ ಇನ್ನೊಂದು ಅಂಶವನ್ನು ಪ್ರಕಟಿಸಿತು. ರಸ ಸಿಗುವುದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ಅನಿಶ್ಚಿತವಾಗಿದ್ದಾಗ, ಕಾಯುವ ಆ ಗಳಿಗೆಯಲ್ಲಿ ಕೋಶಗಳ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚು ಏರುತ್ತಿತ್ತು. ಅಂದರೆ ಗೆಲುವಿನಷ್ಟೇ, 'ಗೆಲ್ಲಬಹುದೇನೋ' ಎಂಬ ತವಕವೂ ಮಿದುಳನ್ನು ಸೆಳೆಯುತ್ತದೆ.

ಕೂದಲೆಳೆಯಲ್ಲಿ ತಪ್ಪಿದ ಗೆಲುವಿನ ಸಂಗತಿ ಇನ್ನೂ ವಿಚಿತ್ರ. 2009ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಸೋಲು ಮನಸ್ಸಿಗೆ ಕಹಿಯೆನಿಸಿದರೂ, ಗೆದ್ದಾಗ ಚುರುಕಾಗುವ ಮಿದುಳಿನ ಕೆಲವು ಭಾಗಗಳೇ ಆಗಲೂ ಚುರುಕಾಗುತ್ತವೆ. ಮತ್ತೆ ಆಡುವ ಆಸೆ ಹೆಚ್ಚುತ್ತದೆ.

ಇದೆಲ್ಲಾ ಬರೀ ನೆಪ, ಶೀಲಗೆಟ್ಟವರು ಹೇಳಿಕೊಳ್ಳುವ ಸಬೂಬು ಎನ್ನುವವರಿದ್ದಾರೆ. ಅವರು ಒಂದು ಸಂಗತಿಯನ್ನು ಗಮನಿಸಬೇಕು. ಪಾರ್ಕಿನ್‌ಸನ್ ಕಾಯಿಲೆಯವರಿಗೆ ಡೋಪಮೈನಿನಂತೆ ಕೆಲಸ ಮಾಡುವ ಕೆಲವು ಔಷಧಿಗಳನ್ನು ಕೊಡುತ್ತಾರೆ. ಜೀವನದಲ್ಲಿ ಎಂದೂ ಜೂಜಾಡದ ಕೆಲವು ರೋಗಿಗಳು ಆ ಔಷಧಿ ಆರಂಭಿಸಿದ ಮೇಲೆ ಜೂಜಿಗೆ ಬಿದ್ದದ್ದೂ, ವೈದ್ಯರು ಔಷಧಿಯನ್ನು ತಗ್ಗಿಸಿದಾಗ ಅಥವಾ ಬದಲಿಸಿದಾಗ ಹಲವರಲ್ಲಿ ಆ ಹುಚ್ಚು ಇಳಿದದ್ದೂ ವೈದ್ಯಕೀಯ ದಾಖಲೆಗಳಲ್ಲಿವೆ. ಒಂದು ಮಾತ್ರೆಯಿಂದ ಏರಿ ಇಳಿಯುವುದನ್ನು ಕೇವಲ ಶೀಲದ ದೋಷ ಎನ್ನಲಾದೀತೇ?

ಒಬ್ಬ ಮಹಾಲೇಖಕ, ಒಬ್ಬ ಹೆಂಡತಿ

ಹಾಗಾದರೆ ಇದರಿಂದ ಹೊರಬಂದವರಿಲ್ಲವೇ? ಇದ್ದಾರೆ. ಅವರಲ್ಲಿ ಜಗತ್ತಿಗೆಲ್ಲಾ ತಿಳಿದಿರುವ ಒಬ್ಬರು ರಷ್ಯದ ಕಾದಂಬರಿಕಾರ ಫ್ಯೊದೊರ್ ದಾಸ್ತೋವ್‌ಸ್ಕಿ. 1866ರಲ್ಲಿ ಅವರು ಸಾಲದಲ್ಲಿ ಮುಳುಗಿದ್ದರು. ಪ್ರಕಾಶಕನೊಬ್ಬನಿಗೆ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಒಂಬತ್ತು ವರ್ಷ ತಮ್ಮ ಕೃತಿಗಳ ಹಕ್ಕನ್ನೇ ಕಳೆದುಕೊಳ್ಳುವ ಕರಾರಿಗೆ ಸಹಿ ಹಾಕಿದ್ದರು. ಆಗ ಶೀಘ್ರಲಿಪಿ ಬಲ್ಲ ಇಪ್ಪತ್ತು ವರ್ಷದ ಅನ್ನಾ ಎಂಬ ಯುವತಿ ನೆರವಿಗೆ ಬಂದಳು. ಇಪ್ಪತ್ತಾರು ದಿನಗಳಲ್ಲಿ ಅವರು ಹೇಳಿ ಬರೆಸಿದ ಕಾದಂಬರಿಯ ಹೆಸರು 'ಜೂಜುಕೋರ'. ರೂಲೆಟ್ ಗೀಳನ್ನು ಅವರು ಅನುಭವದಿಂದಲೇ ಬಲ್ಲವರಾಗಿದ್ದರು. 1867ರ ಆರಂಭದಲ್ಲಿ ಇಬ್ಬರೂ ಮದುವೆಯಾದರು.

ಗೀಳನ್ನು ಅಷ್ಟು ಚೆನ್ನಾಗಿ ವರ್ಣಿಸಿದವರಿಗೆ ಅದರಿಂದ ಬಿಡಿಸಿಕೊಳ್ಳಲಾಯಿತೇ? ಇಲ್ಲ. ಮದುವೆಯ ವರ್ಷವೇ ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಅವರು ವಾರಗಟ್ಟಲೆ ಆಡಿದರು. ಮದುವೆಯ ಉಂಗುರಗಳು, ಹೆಂಡತಿಯ ಓಲೆಗಳು, ಬಟ್ಟೆಬರೆ ಎಲ್ಲವೂ ಗಿರವಿಗೆ ಹೋದವು. ಮಂಡಿಯೂರಿ ಕ್ಷಮೆ ಕೇಳುವುದು, ಮತ್ತೆ ಹೋಗುವುದು, ಇದೇ ನಡೆಯಿತು. 1868ರಲ್ಲಿ ಜಿನೀವಾದಲ್ಲಿ ಮೂರು ತಿಂಗಳ ಹೆಣ್ಣುಮಗು ತೀರಿಕೊಂಡಿತು. ಆ ದುಃಖವೂ ಜೂಜನ್ನು ಬಿಡಿಸಲಿಲ್ಲ. ಇದು ಇಚ್ಛಾಶಕ್ತಿಯ ಕೊರತೆ ಮಾತ್ರವಲ್ಲ, ಗಟ್ಟಿ ಮನಸ್ಸಿನವರನ್ನೂ ಸೆಳೆದೊಯ್ಯುವ ಶಕ್ತಿ ಎಂಬುದು ತನಗೆ ಅರಿವಾಯಿತೆಂದು ಅನ್ನಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ನರಮಂಡಲದ ವಿಜ್ಞಾನ ಇದನ್ನು ಹೇಳುವುದಕ್ಕೆ ಬಹಳ ಮೊದಲೇ ಅವಳು ಕಂಡುಕೊಂಡಿದ್ದಳು.

1871ರ ಏಪ್ರಿಲ್‌ನಲ್ಲಿ, ಬರವಣಿಗೆ ನಿಂತು ಕಂಗಾಲಾಗಿದ್ದ ಗಂಡನನ್ನು ಅವಳೇ ವೀಸ್‌ಬಾಡೆನ್‌ಗೆ ಕಳಿಸಿದಳು. ಮನೆಯಲ್ಲಿದ್ದ ಮುನ್ನೂರು ಥಾಲರ್‌ಗಳಲ್ಲಿ ನೂರನ್ನು ಕೊಟ್ಟಳು. ಅವಳ ಈ ಒಂದು ಕೆಲಸವನ್ನು ಇಂದಿನ ಯಾವ ವೈದ್ಯರೂ ಒಪ್ಪಲಾರರು, ನೀವೂ ಅನುಸರಿಸಬೇಡಿ. ಅವರು ಎಲ್ಲವನ್ನೂ ಸೋತರು. ಆದರೆ ಏಪ್ರಿಲ್ 28ರಂದು ಬರೆದ ಪತ್ರದಲ್ಲಿ, ಸುಮಾರು ಹತ್ತು ವರ್ಷ ಪೀಡಿಸಿದ ಭ್ರಮೆ ಮುಗಿಯಿತೆಂದು ತಿಳಿಸಿದರು. ಇಂಥ ಮಾತನ್ನು ಹಿಂದೆಯೂ ಹಲವು ಸಲ ಕೇಳಿದ್ದ ಅನ್ನಾ ಕೂಡಲೇ ನಂಬಲಿಲ್ಲ. ಈ ಸಲ ಮಾತು ನಿಂತಿತು. 1881ರಲ್ಲಿ ತೀರಿಕೊಳ್ಳುವವರೆಗೆ ಅವರು ಮತ್ತೆ ಆಡಲಿಲ್ಲ.

ಒಂದೇ ರಾತ್ರಿಯ ಪವಾಡ ಎಂದು ಇದನ್ನು ತಿಳಿಯಬಾರದು. ಅದೇ ಬೇಸಿಗೆಯಲ್ಲಿ ಸಂಸಾರ ರಷ್ಯಕ್ಕೆ ಮರಳಿತು. ರೂಲೆಟ್ ಮೇಜುಗಳು ದೂರವಾದವು. 1872ರ ಕೊನೆಗೆ ಜರ್ಮನಿಯ ಜೂಜುಮನೆಗಳೇ ಮುಚ್ಚಿದವು. ಸಾಲಗಾರರ ಜೊತೆ ಮಾತನಾಡಿ ಕಂತು ಗೊತ್ತುಮಾಡುವ ಕೆಲಸವನ್ನು ಅನ್ನಾ ತನ್ನ ಕೈಗೆ ತೆಗೆದುಕೊಂಡಳು. 1873ರಿಂದ ಗಂಡನ ಪುಸ್ತಕಗಳನ್ನು ತಾನೇ ಅಚ್ಚು ಹಾಕಿಸಿ ಮಾರಿದಳು. ಆಡುವ ಜಾಗ ದೂರವಾದದ್ದು, ಹಣದ ಹಿಡಿತ ಬೇರೊಬ್ಬರ ಕೈಗೆ ಹೋದದ್ದು, ಗುಟ್ಟು ಇಲ್ಲವಾದದ್ದು, ತೊಡಗಲು ಕೆಲಸವಿದ್ದದ್ದು: ಈ ನಾಲ್ಕನ್ನು ಗಮನಿಸಿ.

ನೆರವು ಎಂದರೆ ಯಾವುದು?

ಈ ನಾಲ್ಕು ಅಂಶಗಳು ಇಂದಿನ ಚಿಕಿತ್ಸೆಯಲ್ಲೂ ಇವೆ. 1957ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಜೂಜು ಬಿಡಬೇಕೆಂದವರು ಕೂಡಿ 'ಗ್ಯಾಂಬ್ಲರ್ಸ್ ಅನಾನಿಮಸ್' ಎಂಬ ಕೂಟವನ್ನು ಕಟ್ಟಿದರು. ಕುಡಿತ ಬಿಡುವವರ ಕೂಟವೇ ಇದಕ್ಕೆ ಮಾದರಿ. ಇಲ್ಲಿ ಉಪದೇಶಕರಿಲ್ಲ. ಬಿದ್ದು ಎದ್ದವರು ತಮ್ಮ ಕಥೆ ಹೇಳುತ್ತಾರೆ, ಹೊಸಬರು ಕೇಳುತ್ತಾರೆ. 'ನನ್ನೊಬ್ಬನಿಗೇ ಹೀಗೆ' ಎಂಬ ನಾಚಿಕೆ ಅಲ್ಲಿ ಕರಗುತ್ತದೆ.

ಮನೋವೈದ್ಯರು ಮತ್ತು ಆಪ್ತಸಮಾಲೋಚಕರು ಇನ್ನೊಂದು ಬಗೆಯಲ್ಲಿ ನೆರವಾಗುತ್ತಾರೆ. 'ಈ ಸಲ ಗೆದ್ದೇ ಗೆಲ್ಲುತ್ತೇನೆ' ಎಂಬ ಯೋಚನೆ ಎಲ್ಲಿ ಹುಟ್ಟುತ್ತದೆ, ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿದ್ದಾಗ ಆಸೆ ಕೆರಳುತ್ತದೆ ಎಂಬುದನ್ನು ರೋಗಿಯೇ ಗುರುತಿಸುವಂತೆ ಕಲಿಸುತ್ತಾರೆ. ಕೆರಳಿದ ಆಸೆ ಅಲೆಯಂತೆ ಏರಿ ತಾನಾಗಿ ಇಳಿಯುತ್ತದೆ. ಆ ಹೊತ್ತನ್ನು ದಾಟಿಸಲು ಒಂದು ಫೋನು ಕರೆ, ಜೊತೆಗೆ ನಡೆದುಬರುವ ಒಬ್ಬ ಗೆಳೆಯ ಸಾಕಾಗಬಹುದು. ಬಿಟ್ಟವನು ಒಮ್ಮೆ ಜಾರಿಬಿದ್ದರೆ ಎಲ್ಲವೂ ಮುಗಿಯಿತೆಂದಲ್ಲ. ಮರುದಿನವೇ ಹೇಳಿಕೊಳ್ಳುವ ಧೈರ್ಯ ಅವನಿಗಿರಬೇಕು, ಕೇಳುವ ತಾಳ್ಮೆ ನಮಗಿರಬೇಕು.

ಕಾನೂನಿಗೂ ತನ್ನ ಪಾತ್ರವಿದೆ. ಒಂದಂಕಿ ಲಾಟರಿಗೆ ಕೇಂದ್ರದ 1998ರ ಕಾಯ್ದೆ ತಡೆ ಹಾಕಿತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನೇ ನಿಷೇಧಿಸಲಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಂಗಡಿ ಮುಚ್ಚಿದರೆ ಹೊಸದಾಗಿ ಬೀಳುವವರು ಕಡಿಮೆಯಾಗಬಹುದು. ಆದರೆ ಈಗಾಗಲೇ ಗೀಳು ಹತ್ತಿದವನು ಕಳ್ಳದಾರಿ ಹುಡುಕುತ್ತಾನೆ. ಅವನಿಗೆ ಕಾನೂನಿನ ಜೊತೆಗೆ ಮನುಷ್ಯರೂ ಬೇಕು.

ಗೆಳೆಯ ಕೇಳಿದಾಗ

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮಹಾಭಾರತದ ಒಂದು ವಿವರ ಇಲ್ಲಿ ನೆನಪಾಗಬೇಕು. ದ್ರೌಪದಿ ಪಡೆದ ವರಗಳಿಂದ ಪಾಂಡವರು ಬಿಡುಗಡೆಯಾದರು. ಧೃತರಾಷ್ಟ್ರ ಸೋತದ್ದೆಲ್ಲವನ್ನೂ ಹಿಂದಿರುಗಿಸಿದ. ಒಂದು ಕಾಸಿನ ಸಾಲವೂ ಉಳಿಯಲಿಲ್ಲ. ಆದರೂ ಮತ್ತೆ ಕರೆ ಬಂದಾಗ ಧರ್ಮರಾಯ ಮತ್ತೆ ಕುಳಿತ. ಈ ಸಲ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಸಾಲ ತೀರಿದ ಮಾತ್ರಕ್ಕೆ ಜೂಜು ತೀರುವುದಿಲ್ಲ.

ನನ್ನ ಹಾಸ್ಟೆಲ್ ಗೆಳೆಯನಿಗೆ ಒಂದಂಕಿ ಲಾಟರಿಯ ಹುಚ್ಚಿತ್ತು. ಕಾಯ್ದೆ ಬಂದ ಮೇಲೂ ಬಸ್ ನಿಲ್ದಾಣದ ಹಿಂದೆ ಅದು ಕದ್ದುಮುಚ್ಚಿ ನಡೆಯುತ್ತಿತ್ತು. "ಇದೊಂದೇ ಸಲ ಕಣೋ" ಎಂದಾಗ ಮೆಸ್ ಬಿಲ್ಲಿನ ಹಣ ಕೊಟ್ಟೆ. ಎರಡನೆಯ ಸಲವೂ ಕೊಟ್ಟೆ. ಮೂರನೆಯ ಸಲ ನನ್ನ ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಕಳಿಸಿದ್ದನ್ನೇ ಕೊಟ್ಟೆ. ಅವನ ಮನೆಗೆ ತಿಳಿಸಲಿಲ್ಲ, ವಾರ್ಡನ್ನರಿಗೆ ಹೇಳಲಿಲ್ಲ. ಹೇಳುವುದು ಗೆಳೆತನಕ್ಕೆ ದ್ರೋಹ ಎಂದುಕೊಂಡಿದ್ದೆ. ಅಂತಿಮ ವರ್ಷದ ಪರೀಕ್ಷೆಗೆ ಮುಂಚೆ ಅವನು ಒಂದು ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದ. ನಾನು ಅವನ ಗುಟ್ಟನ್ನು ಕಾಪಾಡಿದೆ, ಅವನನ್ನು ಕಾಪಾಡಲಿಲ್ಲ.

ಹಲವು ವರ್ಷಗಳ ನಂತರ ಮದುವೆಯೊಂದರಲ್ಲಿ ಸಿಕ್ಕಿದ. ಊರಲ್ಲೇ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಜೂಜು ಬಿಟ್ಟು ಆಗಲೇ ಆರು ವರ್ಷವಾಗಿತ್ತು. ಹೇಗೆ ಬಿಟ್ಟೆ ಎಂದು ಕೇಳಿದೆ. "ಅಕ್ಕನಿಗೆ ಎಲ್ಲಾ ಹೇಳ್ಬಿಟ್ಟೆ ಕಣೋ. ಅವಳು ಬೈಲಿಲ್ಲ, ಲೆಕ್ಕ ಕೇಳಿದ್ಲು" ಎಂದ. ಅಕ್ಕ ಯಾರಿಗೆ ಎಷ್ಟು ಕೊಡಬೇಕೆಂದು ಪಟ್ಟಿ ಬರೆಸಿದಳಂತೆ, ಸಂಬಳವನ್ನು ತನ್ನ ಕೈಗೇ ತರಿಸಿಕೊಂಡಳಂತೆ, ವೈದ್ಯರ ಬಳಿಗೆ ತಾನೇ ಜೊತೆಯಲ್ಲಿ ಹೋದಳಂತೆ. ಎರಡು ಸಲ ಜಾರಿದಾಗಲೂ ಮತ್ತೆ ಪಟ್ಟಿ ಹಿಡಿದು ಕುಳಿತಳಂತೆ. ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಅಂದು ಅವನು ನನ್ನ ಕೈಗೆ ಒಂದು ಲಕೋಟೆ ಕೊಟ್ಟ.

ಆದ್ದರಿಂದ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟು. ಹಣ ಕೊಡಬೇಡ, ಸಮಯ ಕೊಡು. ಹಸಿದಿದ್ದರೆ ಊಟ ಹಾಕಿಸು, ಬಸ್ಸಿಗೆ ಬೇಕಿದ್ದರೆ ಟಿಕೆಟ್ ಕೊಡಿಸು, ಕೈಗೆ ನೋಟು ಕೊಡಬೇಡ. ಅವಮಾನ ಮಾಡಬೇಡ, ಆದರೆ ಸುಳ್ಳಿಗೆ ಜೊತೆಯಾಗಬೇಡ. ಅವನು ನಂಬುವ ಹಿರಿಯರೊಬ್ಬರ ಹತ್ತಿರ, ಅಕ್ಕನೋ ಚಿಕ್ಕಪ್ಪನೋ ಅಧ್ಯಾಪಕರೋ, ಅವನ ಜೊತೆಯಲ್ಲೇ ಹೋಗು. ಬದುಕೇ ಬೇಡ ಎಂಬ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡಬೇಡ. ಆ ಗಳಿಗೆಯಲ್ಲಿ ಯಾವ ಗುಟ್ಟೂ ದೊಡ್ಡದಲ್ಲ, ಕೂಡಲೇ ಹಿರಿಯರಿಗೆ ತಿಳಿಸು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೂ ಮಾತನಾಡುತ್ತಾರೆ. ಮೊಬೈಲ್ ಆಟಗಳ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ವಿಶೇಷ ಚಿಕಿತ್ಸಾಲಯವಿದೆ.

ಒಂದು ವೇಳೆ ಆ 'ಗೆಳೆಯ' ಬೇರೆ ಯಾರೂ ಅಲ್ಲ, ನೀವೇ ಆಗಿದ್ದರೆ? ಸ್ಟುಡಿಯೋದಲ್ಲಿ ಗೆಳೆಯನ ಹೆಸರಿನಲ್ಲಿ ತಮ್ಮದೇ ಪ್ರಶ್ನೆ ಕೇಳುವವರು ಕಡಿಮೆಯೇನಿಲ್ಲ. ಹಾಗಿದ್ದರೆ ನೀವು ಮಾಡಬೇಕಾದ ಮೊದಲ ಕೆಲಸ ಒಂದೇ. ಈ ಹೊತ್ತಿಗೆ ಎಷ್ಟು ಕಳೆದಿದ್ದೀರಿ ಎಂಬ ನಿಜವಾದ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇಂದು ಸಂಜೆಯೊಳಗೆ ಅದನ್ನು ಒಬ್ಬರಿಗೆ ತೋರಿಸಿ.